ಮೆಟಲ್ ಡಿಟೆಕ್ಟರ್ ತಗೊಂಡ್ರ ಬಂಗಾರ ಸಿಗತೈತೇನ್ರಿ?

ಘಟಪ್ರಭಾ ಹುಡುಗ:

ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಮಹಾಲಿಂಗಪುರ ಹತ್ರ ಹಳ್ಳಿ. ರಾತ್ರಿ ಆಸ್ಟ್ರೇಲಿಯಾದವ್ರ ವಿಡಿಯೋ ನೋಡಿ ನೋಡಿ ನಿದ್ದಿ ಹೋಗೇತಿ. ಕೆಂಪ ಮಣ್ಣಾಗ ಮಷಿನ್ ಆಡಸ್ತಾರ, ಕುಂಯ್ ಅಂತೈತಿ, ಕೆದರಿದ್ರ ಕಡ್ಲಿ ಕಾಳಿನಂಥಾ ಬಂಗಾರ! ನಾ ಇಪ್ಪತ್ತ ಸಾವಿರ ಕೂಡಿಸಿಟ್ಟೀನಿ. ಒಂದ ತೊಲಿ ಸಿಕ್ರೂ ರೊಕ್ಕ ತಿರಗಿ ಬಂದಂಗ. ನಮ್ಮ ಕಡೆ ಯಾರರ ಇದನ್ನ ಖರೇನ ಮಾಡೀರೇನು? ಏನ ಗಿಟ್ಟತೈತಿ ಹೇಳ್ರಿ. ಅವ್ವಗ ಇನ್ನಾ ಹೇಳಿಲ್ಲ.

ಇಂಡಿ ಲಿಂಬಿ:

ಆ ರೊಕ್ಕದಾಗ ಎರಡ ಆಡ ತಗೋ ಮಾರಾಯ. ಮರಿ ಹಾಕ್ತಾವ, ಮ್ಯಾಲೆ ತಾವ ಬ್ಯಾ ಅಂತಾವ, ಹುಡಕೂದ ಬ್ಯಾಡ.

ಮೋಟರ್ ಕಾಕಾ, ಮುಧೋಳ:

ತಮ್ಮಾ, ನಾ ಮೋಟರ್ ರಿವೈಂಡಿಂಗ್ ಮಾಡಾಂವ. ಮೂವತ್ತ ವರ್ಷ ತಾಮ್ರದ ತಂತಿ ಸುತ್ತೀನಿ. ಮಗಳು ಆಸ್ಟ್ರೇಲಿಯಾದ ಬೆಂಡಿಗೋದಾಗ ಇರ್ತಾಳ. 2019ರಾಗ ಅಲ್ಲಿಗೆ ಹೋದಾಗ ಅಳಿಯ ಈ ಮಷಿನ್ ಕೈಯಾಗ ಕೊಟ್ಟ. ಬಿಚ್ಚಿ ನೋಡೂ ಮಟಾ ನನಗ ಸಮಾಧಾನಿಲ್ಲ. ನೋಡಿದ್ರ ಒಳಗ ಅದ ತಾಮ್ರದ ಸುರುಳಿ! ಒಂದ ಸುರುಳಿ ಮಣ್ಣಿಗಿ ಅಯಸ್ಕಾಂತದ ಅಲಿ ಬಿಡತೈತಿ, ಅದು ಲೋಹಕ್ಕ ಬಡದ್ರ ಅದರಾಗ ಸಣ್ಣ ಕರೆಂಟ್ ಸುತ್ತತೈತಿ, ಇನ್ನೊಂದ ಸುರುಳಿ ಅದನ್ನ ಕೇಳಿಸ್ಕೊಂಡ ಕೂಗತೈತಿ. ನಮ್ಮ ಧಂದೇನ ಬಿಡು.

ಅಲ್ಲಿ ಮೈನರ್ಸ್ ರೈಟ್ ಅಂತ ಪರವಾನಗಿ ಕೊಡ್ತಾರ, ಹತ್ತ ವರ್ಷ ನಡೀತೈತಿ. ಸಿಕ್ಕ ಬಂಗಾರ ನಿಂದ, ತಗದ ಕುಣಿ ಮಾತ್ರ ನೀನ ಮುಚ್ಚಬೇಕು. ಬೆಂಡಿಗೋ ಹತ್ರ ಕಿಂಗೋವರ್ ಅನ್ನು ಊರಾಗ 1980ರಾಗ ಒಬ್ಬಾಂವಗ ಇಂಥಾ ಮಷಿನ್ನಿಂದ 27 ಕಿಲೋದ ಗಟ್ಟಿ ಸಿಕ್ಕಿತ್ತು. ಹ್ಯಾಂಡ್ ಆಫ್ ಫೇತ್ ಅಂತ ಹೆಸರಿಟ್ರು, ಲಾಸ್ ವೇಗಸ್ಸಿನ ಕ್ಯಾಸಿನೋದವ್ರು ಕೊಂಡ್ರು. ಅದನ್ನ ಕೇಳಿ ನಂದೂ ನಿನ್ಹಂಗ ನಿದ್ದಿ ಹೋಗಿತ್ತು. ಆರ ವಾರ ಅಡ್ಡ್ಯಾಡಿದೆ. ಸಿಕ್ಕದ್ದು ಕಿಸೆ ತುಂಬ ತುಕ್ಕ ಹಿಡದ ಮೊಳಿ, ಬಂದೂಕಿನ ಸೀಸದ ಗುಂಡು, ಮತ್ತ ಅಕ್ಕಿ ನುಚ್ಚಿನಷ್ಟ ಒಂದ ಬಂಗಾರ. ಗುಳಿಗಿ ಬಾಟಲಿಯಾಗ ನೀರ ಹಾಕಿ ಇಟ್ಟೀನಿ. ನೀರಾಗ ಸ್ವಲ್ಪ ದೊಡ್ಡದ ಕಾಣತೈತಿ.

ನಮ್ಮ ಕಡೆ ಆ ಆಸೆ ಬಿಡು. ರಾಯಚೂರ ಕಡೆ ಹಟ್ಟಿ ಬಂಗಾರದ ಗಣಿಯಾಗ ಒಂದ ಟನ್ ಕಲ್ಲ ಅರದು ಕೆಲವೇ ಗ್ರಾಂ ತಗೀತಾರ. ಅಂಥಾ ಪುಡಿ ಬಂಗಾರಕ್ಕ ಮಷಿನ್ ಕೂಗಂಗಿಲ್ಲ. ನಮ್ಮ ಹೊಲದಾಗ ಸಿಗೂದು ಯಾರೋ ಕಳಕೊಂಡ ಬಂಗಾರ.

ಹೋದ ವರ್ಷದ್ದ ಹೇಳ್ತೀನಿ. ಬಾಜೂ ಊರಿನ ಒಬ್ಬ ಅಕ್ಕಾರು ಉಳ್ಳಾಗಡ್ಡಿ ಹೊಲದಾಗ ಕಸಾ ತಗಿಯೂವಾಗ ಕೊರಳಾಗಿನ ಬೋರಮಾಳದ ದಾರ ಹರದ ಬಂಗಾರದ ಗುಂಡ ಎಲ್ಲಾ ಚೆಲ್ಲ್ಯಾವ. ಎರಿ ಭೂಮಿ, ಬಾಯಿ ಬಿಟ್ಟ ಬಿರುಕು. ಗುಂಡಂತೂ ಗಟ್ಟಿ ಬಂಗಾರ ಅಲ್ಲ, ತೆಳ್ಳನ್ನ ತಗಡಿನೊಳಗ ಅರಗು ತುಂಬಿದ್ದು. ಮೊದಲನೇ ದಿನ ನಾ ಮಷಿನ್ ಹಿಡದ ಸಂಜಿ ತನಕ ಹುಡಕಿದ್ರೂ ಒಂದೂ ಸಿಗಲಿಲ್ಲ. ತಪ್ಪ ನಂದ. ಒಂದೊಂದ ಲೋಹಕ್ಕ ಮಷಿನ್ ಒಂದೊಂದ ನಂಬರ ತೋರಸತೈತಿ. ಗುಳಿಗಿ ಪಾಕೀಟಿನ ಬೇಗಡಿಗೆಲ್ಲಾ ಕೂಗಿ ಕೂಗಿ ತಲಿ ತಿಂತೈತಿ ಅಂತ ಆ ನಂಬರನ್ನ ಮಷಿನ್‌ನ್ಯಾಗ ಬಂದ್ ಮಾಡಿಟ್ಟಿದ್ದೆ. ಸಣ್ಣ ಬಂಗಾರನೂ ಅದ ನಂಬರಿನ್ಯಾಗ ಬರತೈತಿ! ರಾತ್ರಿ ಹಾಸಿಗ್ಯಾಗ ನೆನಪಾಗಿ ಎದ್ದ ಕುಂತೆ.

ಮರುದಿನ ಹೋದ್ರ ಬಾಜೂ ಹೊಲದ ಪಂಪ್‌ಸೆಟ್ ಚಾಲೂ. ಮಷಿನ್ ಸುಮ್ಸುಮ್ನ ಬಡಬಡಿಸಾಕ ಹತ್ತು. ತ್ರೀಫೇಸ್ ಹೋಗೂ ತನಕ ಬದುವಿನ ಮ್ಯಾಲೆ ಕುಂತು ಚಾ ಕುಡದೆ. ಆಮ್ಯಾಲೆ ಸುತಳಿ ಕಟ್ಟಿ ಸಾಲ ಸಾಲ ಹೊಂಟೆ, ಒಂದೊಂದ ಸಾಲಿಗೆ ಎರಡ ಸಲ, ಹೋಗೂದೊಮ್ಮೆ ಬರೂದೊಮ್ಮೆ. ಆ ಸಪ್ಪಳ ಬೇಗಡಿ ಸಪ್ಪಳದಂಗ ಅಲ್ಲ. ಸೊಳ್ಳಿ ಕಿವಿ ಹತ್ರ ಬಂದ ಹೋದಂಗ, ಅಷ್ಟ. ಉಸರ ಹಿಡದ ಮತ್ತೊಮ್ಮೆ ಆಡಿಸಿದ್ರ ಮತ್ತ ಅದ ಜಾಗಾದಾಗ. ಉಳ್ಳಾಗಡ್ಡಿ ಬೇರ ಅಳ್ಳಾಡದಂಗ ಚಮಚೇಲೆ ಮಣ್ಣ ತಗದೆ. ಬಿರುಕಿನ್ಯಾಗ, ನಾಕ ಬೆರಳ ಕೆಳಗ, ಮಣ್ಣ ಮೆತ್ತಿದ ಒಂದ ಗುಂಡು. ಅಕ್ಕಾರು ಸೆರಗಿನ್ಯಾಗ ಒರಸಿದ್ರು, ಹಳದಿ ಹೊಳೀತು. ನನ್ನ ಕೈ ನಡಗೂದ ನೋಡಿ ಅವ್ರ ನಕ್ಕರು.

ಇಪ್ಪತ್ತೆರಡ ಇದ್ದುವಂತ, ಹತ್ತೊಂಬತ್ತ ಸಿಕ್ಕು. ಒಂದು ಕಾಲಾಗ ಸಿಕ್ಕ ಚಪ್ಪಟಿ ಆಗಿ ಅರಗು ಹೊರಗ ಬಂದಿತ್ತು. ಅವ್ರ ಅತ್ತಿ ಹಾಕಿದ ಬೋರಮಾಳ ಅದು. ಉಳದ ಮೂರ ನಾಳೆ ಹುಡಕೂಣು ಅಂದೆ. "ಬಿಡ್ರಿ ಅಣ್ಣಾ, ಭೂಮ್ತಾಯಿಗಿ ಚರಗ ಚೆಲ್ಲಿದೆ ಅನ್ಕೋತೀನಿ" ಅಂದ್ರು.

ನನಗ ಗಿಟ್ಟಿದ್ದು ಒಂದ ಚೀಲ ಉಳ್ಳಾಗಡ್ಡಿ. ಮನ್ಯಾಗ ನಮ್ಮಾಕಿ, "ನಲವತ್ತ ವರ್ಷ ನನ್ನ ಮಾತಿಗೆ ಕಿವಿ ಕೊಡದಾಂವ ಮಣ್ಣಿನ ಮಾತಿಗೆ ಕಿವಿ ಕೊಡಾಕತ್ತಾನ" ಅಂತ ಓಣಿ ತುಂಬ ಹೇಳ್ಕೋತ ಅಡ್ಡ್ಯಾಡ್ತಾಳ.

ಕಪ್ಪು ಕೋಟು, ಬೆಳಗಾವಿ:

ಕಾಕಾ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಐಹೊಳೆ, ಪಟ್ಟದಕಲ್ಲು, ಬಾದಾಮಿ ಕಡೆ ಈ ಮಷಿನ್ ಹಿಡಿದುಕೊಂಡು ಹೋಗಲೇಬೇಡಿ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದೇ ಅಪರಾಧ. ಇನ್ನು ನಿಮ್ಮದೇ ಹೊಲದಲ್ಲಿ ಹೊನ್ನಿನ ಗಡಿಗೆ ಸಿಕ್ಕಿತು ಎನ್ನಿ, ಸದ್ದಿಲ್ಲದೆ ಮನೆಗೆ ಒಯ್ಯುವಂತಿಲ್ಲ. ರಾಜ್ಯದ 1962ರ ನಿಧಿ ಕಾಯ್ದೆ ಇದೆ, ಸರ್ಕಾರಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ, ಮೂರ್ತಿಗಳಿಗೆ 1972ರ ಪುರಾವಸ್ತು ಕಾಯ್ದೆ ಬೇರೆ. ಸಿಕ್ಕಿದ್ದನ್ನು ಮುಚ್ಚಿಟ್ಟು ಕರಗಿಸಲು ಹೋದವರೊಬ್ಬರ ಪರ ನಾನೇ ನಿಂತಿದ್ದೆ. ಬಂಗಾರಕ್ಕಿಂತ ನನ್ನ ಫೀಜು ಜಾಸ್ತಿ ಆಯಿತು.

ಮೋಟರ್ ಕಾಕಾ, ಮುಧೋಳ:

ವಕೀಲ ಸಾಹೇಬ್ರ ಮಾತ ಖರೇ. ನನ್ನ ಹತ್ರನೂ ಒಬ್ಬಾಂವ ಬಂದಿದ್ದ. ಹಾಳ ಗುಡಿ ಐತಿ, ಏಳ ಕೊಪ್ಪರಿಗಿ ಅದಾವ, ಅಮಾಸಿ ರಾತ್ರಿ ಬರ್ರಿ ಅಂದ. ಅಮಾಸಿಗೆ ಈ ಮಷಿನ್ ಚಾರ್ಜ್ ಆಗಂಗಿಲ್ಲಪಾ ಅಂದು ಕಳಿಸಿದೆ. ನಂಬಿ ಹೋದ.

ಘಟಪ್ರಭಾ ಹುಡುಗ:

ಕಾಕಾರ, ಅವ್ವಗ ಹೇಳಿದೆ. ಬೈತಾಳ ಅನ್ಕೊಂಡಿದ್ದೆ. ಸುಮ್ನ ಒಳಗ ಹೋಗಿ ಟ್ರಂಕಿನಿಂದ ಕಿವಿದು ಒಂದ ಬೆಂಡೋಲಿ ತಂದ ತೋರಿಸಿದ್ಳು. ಜೋಡಿದು ಹತ್ತ ವರ್ಷದ ಹಿಂದ ಹಿತ್ತಲದಾಗ ಬಿದ್ದಿತ್ತಂತ, ನನಗ ಗೊತ್ತ ಇರಲಿಲ್ಲ. ಈಗ ಅಲ್ಲಿ ದನದ ಕೊಟ್ಟಿಗಿ ಐತ್ರಿ, ತಗಡಿನ ಶೆಡ್.

ಮೋಟರ್ ಕಾಕಾ, ಮುಧೋಳ:

ನೆಲಾ ಫರಸಿ ಹಾಕೀರೋ, ಬರೇ ಮಣ್ಣೋ? ಮಣ್ಣಿದ್ರ ಶನಿವಾರ ಮುಂಜಾನೆ ಬರ್ತೀನಿ, ಮಷಿನ್ ಈಗ ಕೊಳ್ಳಬ್ಯಾಡ. ದನಾ ಹೊರಗ ಕಟ್ಟು, ಸರಪಳಿ, ಬಕೀಟು, ಕುರಪಿ ಎಲ್ಲಾ ದೂರ ಇಡು. ಆ ಟ್ರಂಕಿನ ಬೆಂಡೋಲಿ ಮಾತ್ರ ಕೊಡಾಕ ಹೇಳು ಅವ್ವಗ. ಮಣ್ಣಾಗ ಇಟ್ಟು ಮೊದಲ ಅದರ ನಂಬರ ಎಷ್ಟ ಬರತೈತಿ ನೋಡಬೇಕು.