ಮಂಡಿಯ ಪಟ್ಟಿ ಹೇಗಿದೆಯೋ ಟೇಬಲ್ ಕೂಡ ಹಾಗೆಯೇ ಇರಬೇಕೇ?

ಕೋಲಾರದ ಗುಮಾಸ್ತ:
ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಲಿಬ್ರೆಆಫೀಸ್ ಬೇಸ್ ಎಂಬ ತಂತ್ರಾಂಶದಲ್ಲಿ ಡೇಟಾಬೇಸ್ ಮಾಡಿಕೊಂಡಾಗ, ರೈತರಿಗೆ ಕೊಡುವ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಕಾಗದದ ಮೇಲೆ ಇದ್ದಂತೆಯೇ ಟೇಬಲ್ ಕಟ್ಟಿದೆ: ದಿನಾಂಕ, ಹೆಸರು, ಊರು, ಬಾಕ್ಸ್1, ದರ1, ಬಾಕ್ಸ್2, ದರ2 ಎಂದು ಐದು ಜೋಡಿ, ಕೊನೆಯಲ್ಲಿ ಬಾಡಿಗೆ, ಹಮಾಲಿ, ನಿವ್ವಳ ಮೊತ್ತ. ಸುಗ್ಗಿಯಲ್ಲಿ ಒಬ್ಬ ರೈತರ ಮಾಲು ಏಳು ಲಾಟ್‌ಗಳಾಗಿ ಏಳು ದರಕ್ಕೆ ಹೋಯಿತು. ಮಿಕ್ಕ ಎರಡಕ್ಕೆ ಇನ್ನೊಂದು ಪಟ್ಟಿ ಬರೆದು, ಬಾಡಿಗೆಯನ್ನು ಎರಡು ಸಲ ಹಿಡಿದುಬಿಟ್ಟೆ. ಅವರು ಬಂದು ಕೇಳಿದಾಗ ತಲೆ ತಗ್ಗಿಸಬೇಕಾಯಿತು. ಇನ್ನೂ ಐದು ಜೋಡಿ ಕಾಲಂ ಸೇರಿಸಿದರೆ ಸರಿಹೋಗುವುದೇ?

ಹಳೆಯ ಪ್ರೋಗ್ರಾಮರ್, ಮಾಲೂರು:
ಸರಿಹೋಗುವುದಿಲ್ಲ, ಹನ್ನೊಂದನೆಯ ಲಾಟ್ ಬಂದ ದಿನ ಇದೇ ಪ್ರಶ್ನೆ ಮರಳಿ ಬರುತ್ತದೆ. ಫಾರಂ ಎಂಬುದು, ಅಂದರೆ ಕಾಗದದ ಮೇಲೋ ತೆರೆಯ ಮೇಲೋ ತುಂಬುವ ನಮೂನೆ, ಬರೆಯುವವರ ಕೈಗೂ ಕಣ್ಣಿಗೂ ಅನುಕೂಲವಾಗುವಂತೆ ಜೋಡಿಸಿದ್ದು. ಟೇಬಲ್ ಇರುವುದು ನಡೆದ ವ್ಯವಹಾರವನ್ನು ಒಂದೊಂದಾಗಿ, ಒಂದೇ ಕಡೆ ಹಿಡಿದಿಡಲು. ಒಂದೇ ಸಾಲಿನಲ್ಲಿ ಹೀಗೆ ಮರುಕಳಿಸುವ ಗುಂಪುಗಳನ್ನು ತುಂಬಬಾರದೆಂಬ ಮಾತು, ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿಯನ್ನು (ಮಾಹಿತಿಯನ್ನು ಒಂದಕ್ಕೊಂದು ಸಂಬಂಧವಿರುವ ಟೇಬಲ್‌ಗಳಲ್ಲಿ ಇಡುವ ಕ್ರಮವನ್ನು) ಮುಂದಿಟ್ಟ ಕಾಲದಿಂದಲೂ ಇದೆ.

ನಿಮಗೆ ಮೂರು ಟೇಬಲ್ ಬೇಕು. ರೈತರದ್ದು ಒಂದು, ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ನಮ್ಮ ಕಡೆ ಒಂದೇ ಊರಿನಲ್ಲಿ ನಾಲ್ವರು ವೆಂಕಟೇಶಪ್ಪನವರು ಇರುವುದು ಹೊಸತಲ್ಲವಾದ್ದರಿಂದ ಹೆಸರನ್ನೇ ನಂಬಬೇಡಿ. ಪಟ್ಟಿಯದ್ದು ಇನ್ನೊಂದು: ಪಟ್ಟಿ ಸಂಖ್ಯೆ, ದಿನಾಂಕ, ರೈತರ ಸಂಖ್ಯೆ, ಬಾಡಿಗೆ, ಹಮಾಲಿ. ಮೂರನೆಯದು ಲಾಟ್‌ಗಳದ್ದು: ಪಟ್ಟಿ ಸಂಖ್ಯೆ, ಬಾಕ್ಸ್, ದರ. ಏಳು ಲಾಟ್ ಆದರೆ ಏಳು ಸಾಲು, ಬಾಡಿಗೆ ಮಾತ್ರ ಒಂದೇ ಸಲ. ಫಾರಂ ಈಗಿರುವಂತೆಯೇ ಕಾಣಬಹುದು. ಪಟ್ಟಿಗೆ ಮುಖ್ಯ ಫಾರಂ, ಅದರೊಳಗೆ ಲಾಟ್‌ಗಳಿಗೆ ಸಬ್‌ಫಾರಂ ಇಟ್ಟರಾಯಿತು, ಬೇಸ್‌ನಲ್ಲಿ ಅದಕ್ಕೆ ಅವಕಾಶವಿದೆ.

ನಿವ್ವಳ ಮೊತ್ತವನ್ನು ಟೇಬಲ್‌ನಲ್ಲಿ ಬರೆದಿಡದೆ ಕ್ವೆರಿಯಿಂದ (ಟೇಬಲ್‌ಗಳಿಂದ ಬೇಕಾದ್ದನ್ನು ಕೇಳಿ ಪಡೆಯುವ ಆದೇಶದಿಂದ) ತೆಗೆಯಿರಿ. ತೂಕವೂ ಹಾಗೆಯೇ, ಬಾಕ್ಸಿಗೆ 15 ಕೆ.ಜಿ. ಎಂದು ಗುಣಿಸಿದರೆ ಬರುತ್ತದೆ. ಆದರೆ ಹಮಾಲಿಯನ್ನು ಮಾತ್ರ ಆಯಾ ಪಟ್ಟಿಯಲ್ಲೇ ಉಳಿಸಿ, ಏಕೆಂದರೆ ಮುಂದೆ ಕೂಲಿ ಹೆಚ್ಚಾದಾಗ ಹಳೆಯ ಪಟ್ಟಿಗಳ ಲೆಕ್ಕವೂ ಅದರೊಡನೆ ಬದಲಾಗಬಾರದು.

ಖಾತೆ ಪುಸ್ತಕ, ಚಿಂತಾಮಣಿ:
ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ವಿಷಯ ಬಿಟ್ಟಿದ್ದಾರೆ. ಮಾಲು ಇಳಿಯುವ ಹೊತ್ತಿಗೆ ಬಾಕ್ಸ್ ಎಷ್ಟೆಂದು ಗೊತ್ತಿರುತ್ತದೆ, ದರ ಗೊತ್ತಾಗುವುದು ಹರಾಜಿನ ನಂತರವೇ. ಆ ನಡುವಿನ ಹೊತ್ತಿನಲ್ಲಿ ಫಾರಂ ಅರ್ಧ ತುಂಬಿರುತ್ತದೆ. ಲಾಟ್ ಟೇಬಲ್‌ನಲ್ಲಿ ದರ ಖಾಲಿ ಬಿಡಬಾರದೆಂದು ನಿಯಮ ಹಾಕಿದರೆ ಬೆಳಗಿನ ಕೆಲಸ ನಿಲ್ಲುತ್ತದೆ. ಹಾಕದಿದ್ದರೆ ದರವಿಲ್ಲದ ಸಾಲುಗಳು ಒಟ್ಟು ಲೆಕ್ಕದೊಳಗೆ ನುಸುಳುತ್ತವೆ. ನಮ್ಮ ಹಿರಿಯರು ಕಚ್ಚಾ ಪುಸ್ತಕ ಬೇರೆ, ಖಾತೆ ಬೇರೆ ಇಟ್ಟದ್ದು ಇದಕ್ಕಾಗಿಯೇ. ಕಚ್ಚಾ ಟೇಬಲ್ ಒಂದಿರಲಿ, ಹರಾಜು ಮುಗಿದ ಮೇಲೆ ಪಟ್ಟಿ ಮತ್ತು ಲಾಟ್‌ಗಳು ಒಟ್ಟಿಗೇ ಪಕ್ಕಾ ಟೇಬಲ್‌ಗಳಿಗೆ ಹೋಗಲಿ.

ಹಳೆಯ ಪ್ರೋಗ್ರಾಮರ್, ಮಾಲೂರು:
ಒಂದೇ ಕಂಪ್ಯೂಟರಿನ ಮಂಡಿಗೆ ಅಷ್ಟು ಬೇಡವೆಂದು ನನ್ನ ಅಭಿಪ್ರಾಯ. ಪಟ್ಟಿಯಲ್ಲಿ 'ಮುಗಿದಿದೆ' ಎಂಬ ಒಂದು ಕಾಲಂ ಇಟ್ಟು, ಕ್ವೆರಿಗಳೆಲ್ಲ ಮುಗಿದ ಪಟ್ಟಿಗಳನ್ನಷ್ಟೇ ನೋಡುವಂತೆ ಮಾಡಿದರೆ ಸಾಕು. ಇಬ್ಬರು ಮೂವರು ಒಟ್ಟಿಗೆ ಬರೆಯುವ ಕಡೆ ನಿಮ್ಮ ದಾರಿಯೇ ಮೇಲು.

ಕೋಲಾರದ ಗುಮಾಸ್ತ:
ಇಬ್ಬರಿಗೂ ಧನ್ಯವಾದ. ಸದ್ಯಕ್ಕೆ ಒಂದು ಕಾಲಂ ದಾರಿಯನ್ನೇ ಹಿಡಿಯುತ್ತೇನೆ. ಒಂದು ವರ್ಷದ ಹಳೆಯ ಪಟ್ಟಿಗಳನ್ನು ಕೈಯಿಂದ ಮತ್ತೆ ಬರೆಯಬೇಕೇ?

ಖಾತೆ ಪುಸ್ತಕ, ಚಿಂತಾಮಣಿ:
ಬೇಡ. ಮೊದಲು ಫೈಲಿನ ಒಂದು ನಕಲನ್ನು ತೆಗೆದಿಟ್ಟುಕೊಳ್ಳಿ. ಐದು ಜೋಡಿಗಳಿಗೆ ಐದು ಸೆಲೆಕ್ಟ್ (ಸಾಲುಗಳನ್ನು ಆರಿಸುವ ಆದೇಶ) ಬರೆದು, ಅವುಗಳ ಫಲಿತಾಂಶವನ್ನೆಲ್ಲ ಒಂದುಗೂಡಿಸುವ ಯೂನಿಯನ್ ಆಲ್‌ನಿಂದ ಜೋಡಿಸಿ, ಬಾಕ್ಸ್ ಖಾಲಿ ಇರುವ ಸಾಲುಗಳನ್ನು ಬಿಟ್ಟು ಲಾಟ್ ಟೇಬಲ್‌ಗೆ ಸೇರಿಸಿ. ಬರಿಯ ಯೂನಿಯನ್ ಒಂದೇ ತರಹದ ಸಾಲುಗಳಲ್ಲಿ ಒಂದನ್ನಷ್ಟೇ ಉಳಿಸುವುದರಿಂದ, ಅದನ್ನು ಬಳಸಿದರೆ ಒಂದೇ ಪಟ್ಟಿಯಲ್ಲಿ ಬಾಕ್ಸೂ ದರವೂ ಒಂದೇ ಆಗಿರುವ ಎರಡು ಲಾಟ್‌ಗಳಲ್ಲಿ ಒಂದು ಮಾಯವಾಗುತ್ತದೆ, ಎಚ್ಚರ. ಎರಡೂ ಕಡೆಯ ಬಾಕ್ಸ್ ಮೊತ್ತ ತಾಳೆಯಾಗುವವರೆಗೆ ಹಳೆಯ ಟೇಬಲ್ ಅಳಿಸಬೇಡಿ. ಎರಡು ಸಲ ಬಾಡಿಗೆ ಬಿದ್ದ ಪಟ್ಟಿಗಳನ್ನು ಮಾತ್ರ ಕಣ್ಣಾರೆ ನೋಡಿಯೇ ಸರಿಪಡಿಸಬೇಕು.