ಕಂಡೆನ್ಸೇಟ್ ಆದ ಅನಿಲವೆಲ್ಲ ಅತಿದ್ರವವೇ?

ಎಂ.ಎಸ್ಸಿ. ವಿದ್ಯಾರ್ಥಿನಿ:
1995ರಲ್ಲಿ ಕಾರ್ನೆಲ್ ಮತ್ತು ವೈಮನ್ ರುಬಿಡಿಯಂ ಅನಿಲವನ್ನು ಸುಮಾರು 170 ನ್ಯಾನೋಕೆಲ್ವಿನ್‌ಗೆ ತಣಿಸಿ ಬೋಸ್–ಐನ್‌ಸ್ಟೈನ್ ಕಂಡೆನ್ಸೇಟ್ ಪಡೆದರು. ಪರಮಾಣುಗಳು ಒಂದೇ ಕ್ವಾಂಟಂ ಸ್ಥಿತಿಗೆ ಇಳಿದ ಮೇಲೆ ಅಲ್ಲಿ ಘರ್ಷಣೆ ಎಲ್ಲಿಂದ ಬರಬೇಕು? ಕಂಡೆನ್ಸೇಟ್ ಎಂದರೇ ಅತಿದ್ರವ, ಅಂದರೆ ಘರ್ಷಣೆಯೇ ಇಲ್ಲದೆ ಹರಿಯುವ ದ್ರವ, ಅಲ್ಲವೇ? ನಮ್ಮ ಮೇಷ್ಟ್ರು ‘ಅಲ್ಲ’ ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋದರು.

ಲೇಸರ್ ಮೇಜಿನವನು:
ಮೇಷ್ಟ್ರು ಹೇಳಿದ್ದು ಸರಿ, ಆದರೆ ಅಲ್ಲಿಗೆ ಬಿಡಬಾರದಿತ್ತಮ್ಮ. ಸ್ವಾರಸ್ಯವಿರುವುದೇ ಅಲ್ಲಿ!

1941ರಲ್ಲಿ ಭೌತವಿಜ್ಞಾನಿ ಲ್ಯಾಂಡೌ ಕೇಳಿದ ಪ್ರಶ್ನೆಯನ್ನೇ ನೀವೂ ಕೇಳಿಕೊಳ್ಳಿ: ದ್ರವದೊಳಗೆ ಚಲಿಸುವ ವಸ್ತು ಯಾವಾಗ ವೇಗ ಕಳೆದುಕೊಳ್ಳುತ್ತದೆ? ದ್ರವದಲ್ಲಿ ಒಂದು ಉದ್ರೇಕವನ್ನು (ಶಕ್ತಿಯನ್ನೂ ಸಂವೇಗವನ್ನೂ ಹೊತ್ತ ಕದಲಿಕೆಯನ್ನು) ಹುಟ್ಟಿಸಲು ಸಾಧ್ಯವಾದಾಗ ಮಾತ್ರ. ಅದಕ್ಕೆ ವಸ್ತುವಿನ ವೇಗವು ಉದ್ರೇಕದ ಶಕ್ತಿಯನ್ನು ಸಂವೇಗದಿಂದ ಭಾಗಿಸಿದಾಗ ಸಿಗುವ ಕನಿಷ್ಠ ಬೆಲೆಯನ್ನು ಮೀರಬೇಕು. ಪರಮಾಣುಗಳು ಪರಸ್ಪರ ತಳ್ಳದ ಆದರ್ಶ ಅನಿಲದಲ್ಲಿ ಶಕ್ತಿ p²/2m (p ಸಂವೇಗ, m ಪರಮಾಣುವಿನ ದ್ರವ್ಯರಾಶಿ). ಅದನ್ನು p ಇಂದ ಭಾಗಿಸಿ, p ಯನ್ನು ಸೊನ್ನೆಯತ್ತ ಒಯ್ಯಿರಿ: ಕನಿಷ್ಠ ಬೆಲೆಯೂ ಸೊನ್ನೆ. ಪೂರ್ತಿ ಕಂಡೆನ್ಸೇಟ್ ಆಗಿದ್ದರೂ ಎಷ್ಟೇ ಮೆಲ್ಲನೆ ಕಲಕಿದರೂ ಅದು ಶಕ್ತಿ ಹೀರುತ್ತದೆ. ಪರಮಾಣುಗಳ ನಡುವೆ ತುಸು ವಿಕರ್ಷಣೆಯಿದ್ದರೆ, 1947ರಲ್ಲಿ ಬೊಗೊಲ್ಯುಬೊವ್ ತೋರಿಸಿದಂತೆ, ಸಣ್ಣ ಸಂವೇಗದ ಉದ್ರೇಕಗಳು ಶಬ್ದದ ಅಲೆಗಳಾಗುತ್ತವೆ, ಶಕ್ತಿ cp. ಈಗ ಮಿತಿ ಸೊನ್ನೆಯಲ್ಲ, ಶಬ್ದದ ವೇಗ c. ಅತಿದ್ರವತೆಯನ್ನು ಕೊಡುವುದು ಪರಮಾಣುಗಳ ಒಡನಾಟವೇ.

ಎಂಐಟಿಯಲ್ಲಿ ಕೆಟರ್ಲೆ ತಂಡ 1999ರಲ್ಲಿ ಸೋಡಿಯಂ ಕಂಡೆನ್ಸೇಟ್‌ನೊಳಗೆ ಲೇಸರ್ ಕಿರಣವನ್ನು ಹಿಂದೆ ಮುಂದೆ ಆಡಿಸಿತು. ಸೆಕೆಂಡಿಗೆ ಸುಮಾರು 1.6 ಮಿಲಿಮೀಟರ್ ದಾಟಿದ ಮೇಲೆಯೇ ಅನಿಲ ಗಮನಾರ್ಹವಾಗಿ ಬಿಸಿಯಾಯಿತು. ನನಗೆ ಬಹಳ ಇಷ್ಟದ ಪ್ರಯೋಗವಿದು.

ಎಂ.ಎಸ್ಸಿ. ವಿದ್ಯಾರ್ಥಿನಿ:
ಧನ್ಯವಾದಗಳು ಸರ್. ಆ 1.6 ಎಂಬುದು ಅಲ್ಲಿನ ಶಬ್ದದ ವೇಗವೇ?

ಲೇಸರ್ ಮೇಜಿನವನು:
ಅಲ್ಲ, ಅದರ ಕಾಲು ಭಾಗದಷ್ಟು. ಲೇಸರ್ ಕಿರಣ ಅನಿಲದಲ್ಲಿ ದೊಡ್ಡ ತೂತನ್ನೇ ಕೊರೆದಿರುತ್ತದೆ. ಅದರ ಪಕ್ಕದಲ್ಲಿ ಹರಿವು ಬಿರುಸಾಗುತ್ತದೆ, ಅಂಚಿನ ಕಡೆ ಸಾಂದ್ರತೆಯೂ ಕಡಿಮೆ. ಹಾಗಾಗಿ ಸುಳಿಗಳು ಬೇಗನೆ ಹುಟ್ಟಿಕೊಳ್ಳುತ್ತವೆ.

ಫರ್ಮಿ ಪಕ್ಷ:
ಒಂದೇ ಸ್ಥಿತಿಯಲ್ಲಿ ಎಷ್ಟಾದರೂ ಸೇರಬಲ್ಲ ಬೋಸಾನ್‌ಗಳ ಮಾತೇ ಆಯಿತು. ಲಿಥಿಯಂ-6 ಫರ್ಮಿಯಾನ್, ಒಂದೇ ಸ್ಥಿತಿಯಲ್ಲಿ ಎರಡು ಇರಲಾರವು. ಆದರೂ ಕಾಂತಕ್ಷೇತ್ರವನ್ನು ಸುಮಾರು 830 ಗಾಸ್ ಆಸುಪಾಸಿಗೆ ತಂದರೆ ಅವು ಬಲವಾಗಿ ಆಕರ್ಷಿಸಿ ಜೋಡಿಯಾಗುತ್ತವೆ. 2005ರಲ್ಲಿ ಎಂಐಟಿಯಲ್ಲೇ ಅಂಥ ಅನಿಲವನ್ನು ತಿರುಗಿಸಿದಾಗ ಸುಳಿಗಳು ಸಾಲಾಗಿ, ಜಾಲರಿಯಂತೆ ನಿಂತವು. ಸಾಮಾನ್ಯ ಅನಿಲವಾಗಿದ್ದರೆ ಇಡಿಯಾಗಿ ತಿರುಗುತ್ತಿತ್ತು. ಅತಿದ್ರವದ ಪರಿಚಲನೆ (ಸುಳಿಯ ಸುತ್ತಿನ ಹರಿವಿನ ಅಳತೆ) ಮಾತ್ರ ನಿಗದಿತ ಕಂತುಗಳಲ್ಲೇ ಬರಬೇಕು. ಇಲ್ಲಿ ಒಂದು ಕಂತು h/2m (h ಪ್ಲಾಂಕ್ ಸ್ಥಿರಾಂಕ), ಏಕೆಂದರೆ ಸುತ್ತುವುದು ಜೋಡಿಗಳು.