ಜರ್ಮನಿಗೆ ಹೊರಟಿದ್ದೇವೆ: ಯಾವ ಆರೋಗ್ಯ ವಿಮೆ ಆರಿಸಿಕೊಳ್ಳಬೇಕು, ಊರಿನ ಪಾಲಿಸಿಯನ್ನು ಏನು ಮಾಡಬೇಕು?

ಪ್ರಶ್ನೆ (ತೀರ್ಥಹಳ್ಳಿ)

ನಮ್ಮ ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದ್ದು, ನಾನೂ ನಾಲ್ಕು ವರ್ಷದ ಮಗಳೂ ಜೊತೆಗೆ ಹೋಗುವವರಿದ್ದೇವೆ. ಒಂದೆರಡು ವರ್ಷ ನಾನು ಕೆಲಸಕ್ಕೆ ಸೇರುವುದಿಲ್ಲ. ಅಲ್ಲಿ ಸಾರ್ವಜನಿಕ ವಿಮೆ, ಖಾಸಗಿ ವಿಮೆ ಎಂಬ ಎರಡು ದಾರಿಗಳಿವೆಯೆಂದೂ ಖಾಸಗಿಯದೇ ಅಗ್ಗವೆಂದೂ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಇಲ್ಲಿ ಆರು ವರ್ಷದಿಂದ ಕಟ್ಟುತ್ತಿರುವ ಕುಟುಂಬ ಪಾಲಿಸಿಯನ್ನು ನಿಲ್ಲಿಸಬಹುದೇ? ತೋಟ ನೋಡಿಕೊಂಡು ಊರಿನಲ್ಲೇ ಇರುವ ಅತ್ತೆ, ಮಾವನವರಿಗೆ ಯಾವ ವಿಮೆಯೂ ಇಲ್ಲ. ಮಾವನವರಿಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ (ಸಾಗರದವರು, ಒಂಬತ್ತು ವರ್ಷದಿಂದ ಜರ್ಮನಿಯಲ್ಲಿ)

ತಂಗೀ, ಏಜೆಂಟರು ಅಗ್ಗವೆಂದು ತೋರಿಸಿದ ಮೊತ್ತ ಒಬ್ಬರದೋ ಮೂವರದೋ ಎಂದು ಮೊದಲು ಕೇಳಿ. ಖಾಸಗಿ ವಿಮೆಯಲ್ಲಿ ತಲೆಗೆ ಇಷ್ಟೆಂದು, ವಯಸ್ಸು ಮತ್ತು ಆರೋಗ್ಯ ನೋಡಿ ಪ್ರೀಮಿಯಂ ನಿಗದಿಯಾಗುತ್ತದೆ. ಸಾರ್ವಜನಿಕ ವಿಮೆಯಲ್ಲಾದರೋ ಸಂಬಳದ ಶೇ. 14.6ರ ಜೊತೆಗೆ ಆಯಾ ವಿಮಾನಿಧಿಯ ಹೆಚ್ಚುವರಿ ವಂತಿಗೆಯೊಂದು ಸೇರುತ್ತದೆ. ಎರಡರಲ್ಲೂ ಅರ್ಧವನ್ನು ಕಂಪನಿಯೇ ಕಟ್ಟುತ್ತದೆ. ಸಂಪಾದನೆಯಿಲ್ಲದ ಹೆಂಡತಿ ಮತ್ತು ಮಕ್ಕಳು ಅದೇ ವಂತಿಗೆಯಲ್ಲಿ ಬೇರೆ ಹಣವಿಲ್ಲದೆ ಸೇರಿಕೊಳ್ಳುತ್ತಾರೆ. ಆಯ್ಕೆಯ ಸ್ವಾತಂತ್ರ್ಯವೂ ಎಲ್ಲರಿಗಿಲ್ಲ. ನೌಕರರಾದವರ ವಾರ್ಷಿಕ ಸಂಬಳ ಒಂದು ಮಿತಿಯನ್ನು ದಾಟಿದರೆ ಮಾತ್ರ ಖಾಸಗಿಗೆ ಹೋಗಬಹುದು. 2025ರಲ್ಲಿ ಆ ಮಿತಿ 73,800 ಯೂರೋ ಇತ್ತು, ಅದು ವರ್ಷವರ್ಷವೂ ಬದಲಾಗುತ್ತದೆ. ಹೋದ ಮೇಲೆ ಹಿಂದಿರುಗುವುದು ಸುಲಭವಲ್ಲ. 55 ದಾಟಿದವರಿಗಂತೂ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ನಿಮ್ಮ ಸಂಸಾರಕ್ಕೆ ಸಾರ್ವಜನಿಕ ವಿಮೆಯೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅದರ ಕೊರತೆಗಳನ್ನೂ ಹೇಳಿಬಿಡುತ್ತೇನೆ. ತಜ್ಞ ವೈದ್ಯರ ಭೇಟಿಗೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಹಲ್ಲಿಗೆ ಕ್ಯಾಪ್ ಹಾಕಿಸುವಂಥ ಕೆಲಸದಲ್ಲಿ ವೆಚ್ಚದ ಒಂದು ಭಾಗ ಮಾತ್ರ ಸಿಗುತ್ತದೆ. ರಜೆಗೆ ಬಂದಾಗ ಶಿವಮೊಗ್ಗದಲ್ಲೇ ಹಲ್ಲು ಸರಿಮಾಡಿಸಿಕೊಂಡು ಹೋಗುವವರು ನಮ್ಮಲ್ಲಿ ಸಾಕಷ್ಟಿದ್ದಾರೆ, ನಾನೂ ಅವರಲ್ಲೊಬ್ಬಳು. ಎಲ್ಲಕ್ಕಿಂತ ಮುಖ್ಯವಾಗಿ, ಊರಿಗೆ ಬಂದಾಗ ಜ್ವರ ಬಂದು ಆಸ್ಪತ್ರೆ ಸೇರಿದರೆ ಆ ಖರ್ಚನ್ನು ಜರ್ಮನಿಯ ಸಾರ್ವಜನಿಕ ವಿಮೆ ಕೊಡುವುದಿಲ್ಲ. ಅದಕ್ಕೆ ಬೇರೆ ಪ್ರಯಾಣ ವಿಮೆ ಬೇಕು, ಇಲ್ಲವೇ ಊರಿನ ಪಾಲಿಸಿ ಜೀವಂತವಾಗಿರಬೇಕು.

ಇನ್ನೊಂದು ಮಾತು, ಮಲೆನಾಡಿನವರಾದ್ದರಿಂದ ನಿಮಗೆ ಬೇಗ ಅರ್ಥವಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ವೈರಾಣುವಿಗೆ ಹತ್ತಿರದ ಸಂಬಂಧಿಯಾದ ವೈರಾಣುವೊಂದು ದಕ್ಷಿಣ ಜರ್ಮನಿಯ ಕಾಡುಗಳಲ್ಲಿಯೂ ಉಣ್ಣೆ ಹುಳುಗಳ ಕಡಿತದಿಂದಲೇ ಹರಡಿ ಮಿದುಳಿನ ಉರಿಯೂತ ತರುತ್ತದೆ. ಅದಕ್ಕೆ ಲಸಿಕೆಯಿದೆ, ಸ್ಟುಟ್‌ಗಾರ್ಟ್ ಇರುವ ರಾಜ್ಯದ ಬಹುಭಾಗ ಅಪಾಯದ ಪ್ರದೇಶವಾದ್ದರಿಂದ ಅಲ್ಲಿನ ನಿವಾಸಿಗಳಿಗೆ ಅದರ ವೆಚ್ಚವನ್ನು ವಿಮೆಯೇ ಭರಿಸುತ್ತದೆ. ಮಗುವಿಗೆ ಹಾಕಿಸುವ ಬಗ್ಗೆ ಅಲ್ಲಿಗೆ ಹೋದ ಮೊದಲ ವರ್ಷವೇ ವೈದ್ಯರನ್ನು ಕೇಳಿ.

ಉತ್ತರ (ಹೊಸನಗರದವರು, ಹದಿನಾಲ್ಕು ವರ್ಷ ದುಬೈನಲ್ಲಿದ್ದು ಮರಳಿದವರು)

ಊರಿನ ಪಾಲಿಸಿಯನ್ನು ನಿಲ್ಲಿಸಬೇಡಿರಮ್ಮ. ದುಬೈನಲ್ಲಿ ನೌಕರನಿಗೆ ಆರೋಗ್ಯ ವಿಮೆ ಮಾಡಿಸುವುದು ಮಾಲೀಕನ ಹೊಣೆಯೆಂದು 2013ರ ಕಾನೂನೇ ಇರುವುದರಿಂದ ನಾನು ನಿಶ್ಚಿಂತನಾಗಿದ್ದೆ. ಆದರೆ ಆ ವಿಮೆ ಕೆಲಸಕ್ಕೆ ಅಂಟಿಕೊಂಡದ್ದು, ಕೆಲಸ ಹೋದಾಗ ಅದೂ ಹೋಯಿತು. ಇಲ್ಲಿಯೂ ಒಂದು ಪಾಲಿಸಿ ಇಟ್ಟಿದ್ದೆ, ಬ್ಯಾಂಕಿನಿಂದ ಪ್ರೀಮಿಯಂ ತಾನಾಗಿಯೇ ಕಡಿತವಾಗುವ ಏರ್ಪಾಡಿತ್ತು. ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಹೊರದೇಶದಲ್ಲಿ ನೆಲೆಸಿದವರು ಇಲ್ಲಿ ಇಡುವ ರೂಪಾಯಿ ಖಾತೆ) ಬದಲಾಯಿಸಿದಾಗ ಆ ಏರ್ಪಾಡು ರದ್ದಾದದ್ದು ನನಗೆ ತಿಳಿಯಲಿಲ್ಲ. ನೆನಪಿನ ಸಂದೇಶಗಳೆಲ್ಲ ರೀಚಾರ್ಜ್ ಇಲ್ಲದೆ ಸತ್ತುಹೋಗಿದ್ದ ಹಳೆಯ ಸಿಮ್ಮಿಗೆ ಹೋಗಿದ್ದವು. ನವೀಕರಣಕ್ಕೆ ಕೊಡುವ 30 ದಿನಗಳ ರಿಯಾಯಿತಿ ಅವಧಿಯೂ ಕಳೆದುಹೋಗಿ, ಎಂಟು ವರ್ಷ ಕಟ್ಟಿದ್ದು ಹೊಳೆಗೆ ಹುಣಸೆಹಣ್ಣು ಕಿವುಚಿದಂತಾಯಿತು.

ಮರಳಿದ ಮೇಲೆ ಹೊಸ ಪಾಲಿಸಿ ಕೊಂಡೆ. ಅಷ್ಟರಲ್ಲಿ ಬಿ.ಪಿ. ಬಂದಿತ್ತು, ಅರ್ಜಿಯಲ್ಲಿ ಅದನ್ನು ಬರೆದೂ ಇದ್ದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ (ಅಷ್ಟು ಕಾಲ ಆ ಕಾಯಿಲೆಯ ಖರ್ಚು ಸಿಗುವುದಿಲ್ಲ) ಗರಿಷ್ಠ 36 ತಿಂಗಳು ಎಂದು 2024ರಿಂದ ನಿಯಮವಿದೆ, ನನ್ನ ಪಾಲಿಸಿಯಲ್ಲಿ ಪೂರ್ತಿ 36 ತಿಂಗಳೇ ಇತ್ತು. ಎರಡನೆಯ ವರ್ಷವೇ ಎದೆನೋವು ಬಂದು, ಸುರಿಯುವ ಮಳೆಯಲ್ಲಿ ಘಟ್ಟ ಇಳಿದು ಸ್ಟೆಂಟ್ ಹಾಕಿಸಿಕೊಂಡು ಬಂದೆ. ಇದು ಬಿ.ಪಿ.ಯಿಂದಲೇ ಬಂದದ್ದು ಎಂದು ಕ್ಲೇಮನ್ನು ತಿರಸ್ಕರಿಸಿದರು. ಆ ವರ್ಷದ ಅಡಿಕೆಯ ದುಡ್ಡೆಲ್ಲ ಅದಕ್ಕೇ ಹೋಯಿತು. ಕಂಪನಿಯವರ ಮೇಲೆ ಸಿಟ್ಟಿದ್ದರೂ ಪಾಲಿಸಿಯಲ್ಲಿ ಬರೆದದ್ದನ್ನೇ ಅವರು ಮಾಡಿದರೆಂದು ಒಪ್ಪಿಕೊಳ್ಳಲೇಬೇಕು. ನಿಮ್ಮ ಆರು ವರ್ಷದ ಪಾಲಿಸಿ ಈ ಕಾಯುವ ಅವಧಿಯನ್ನೆಲ್ಲ ದಾಟಿಬಿಟ್ಟಿದೆ. ಸತತವಾಗಿ 60 ತಿಂಗಳು ಕಟ್ಟಿದ ಪಾಲಿಸಿಯಲ್ಲಿ, ವಂಚನೆ ಸಾಬೀತಾಗದ ಹೊರತು, ನೀವು ಮೊದಲು ಹೇಳಲಿಲ್ಲವೆಂಬ ನೆಪದಲ್ಲಿ ಕ್ಲೇಮ್ ನಿರಾಕರಿಸುವಂತಿಲ್ಲ. ಪ್ರೀಮಿಯಂ ಹೊರೆಯೆನಿಸಿದರೆ ವಿಮಾ ಮೊತ್ತ ಇಳಿಸಲು ಕೇಳಿ, ಪಾಲಿಸಿಯನ್ನು ಮಾತ್ರ ಬಿಡಬೇಡಿ. ವಿದೇಶಕ್ಕೆ ಹೋಗುವ ವಿಷಯವನ್ನು ಬರಹದಲ್ಲಿ ತಿಳಿಸಿ, ಮೊಬೈಲ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯನ್ನು ಹೊರಡುವ ಮುಂಚೆಯೇ ಬದಲಿಸಿಕೊಳ್ಳಿ.

ಉತ್ತರ (ಶಿವಮೊಗ್ಗ, ನಿವೃತ್ತ ಶಿಕ್ಷಕಿ, ಮಗ ಹೊರದೇಶದಲ್ಲಿ)

ನಿಮ್ಮ ಅತ್ತೆ, ಮಾವನವರನ್ನು ಅಲ್ಲಿಯ ಕುಟುಂಬ ವಿಮೆಗೆ ಸೇರಿಸಲಾಗುವುದಿಲ್ಲ. ನಿಮ್ಮನ್ನು ನೋಡಲು ಬರುವಾಗ ಷೆಂಗೆನ್ ವೀಸಾಕ್ಕಾಗಿ (ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ) ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಹಳೆಯ ಕಾಯಿಲೆಗೆ ಅದರಲ್ಲಿ ಎಷ್ಟು ರಕ್ಷಣೆಯಿದೆ ಎಂಬುದನ್ನು ಓದಿಯೇ ಕೊಳ್ಳಿ. ಊರಿನಲ್ಲಿರುವಾಗಿನ ರಕ್ಷಣೆಗೆ ಈಗಲೇ ಅರ್ಜಿ ಹಾಕಿ. 65 ದಾಟಿದವರು ಹೊಸ ಪಾಲಿಸಿ ಕೊಳ್ಳಲು ಇದ್ದ ವಯೋಮಿತಿ 2024ರಲ್ಲಿ ಹೋಗಿದೆ, ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ. ನಗದುರಹಿತ ಚಿಕಿತ್ಸೆಯ ಪಟ್ಟಿಯಲ್ಲಿ ಬೆಂಗಳೂರಿನ ಆಸ್ಪತ್ರೆಗಳು ಎಷ್ಟಿದ್ದರೇನು, ಮಾವನವರನ್ನು ಕರೆದೊಯ್ಯುವುದು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ತಾನೇ? ಅಲ್ಲಿಯ ಆಸ್ಪತ್ರೆಗಳಿವೆಯೇ ನೋಡಿ. ಕೊಠಡಿ ಬಾಡಿಗೆಗೆ ಮಿತಿಯಿದ್ದು ಅದಕ್ಕಿಂತ ದುಬಾರಿ ಕೊಠಡಿ ಹಿಡಿದರೆ ಬಾಡಿಗೆಯಲ್ಲಷ್ಟೇ ಅಲ್ಲದೆ ವೈದ್ಯರ ಶುಲ್ಕ ಮೊದಲಾದ ಬಾಬ್ತುಗಳಲ್ಲಿಯೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ನಮ್ಮ ಯಜಮಾನರ ಶಸ್ತ್ರಚಿಕಿತ್ಸೆಯ ಬಿಲ್ಲಿನಲ್ಲಿ ಇದು ಗೊತ್ತಾದದ್ದು ಡಿಸ್ಚಾರ್ಜ್ ದಿನ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಅಲ್ಲಿ ಸಾರ್ವಜನಿಕ ವಿಮೆ, ಇಲ್ಲಿಯ ಪಾಲಿಸಿಯ ಮುಂದುವರಿಕೆ, ಅತ್ತೆ, ಮಾವನವರಿಗೆ ಹೊರಡುವ ಮುಂಚೆಯೇ ಪ್ರತ್ಯೇಕ ಪಾಲಿಸಿ ಎಂದು ತೀರ್ಮಾನಿಸಿದ್ದೇವೆ. ಮಾವನವರ ಮೊಬೈಲಿಗೆ ನೆಟ್‌ವರ್ಕ್ ಸಿಗಬೇಕಾದರೆ ತೋಟದ ಮೇಲಿನ ದಿಬ್ಬ ಹತ್ತಬೇಕಾದ್ದರಿಂದ, ನವೀಕರಣದ ಸಂದೇಶಗಳು ಶಿವಮೊಗ್ಗದಲ್ಲಿರುವ ನನ್ನ ಅಣ್ಣನ ಸಂಖ್ಯೆಗೂ ಬರುವಂತೆ ಬರೆದುಕೊಡುತ್ತೇವೆ.